ಗೊರಕೆ ನಿಂತ ಆ ಅರ್ಧ ನಿಮಿಷದಲ್ಲಿ ರಕ್ತನಾಳಕ್ಕೆ ಏನಾಗುತ್ತದೆ?

ಪ್ರಶ್ನೆ: ನಮ್ಮದು ಸಾಗರದ ಹತ್ತಿರ ಹಳ್ಳಿ. ನಮ್ಮ ಯಜಮಾನರಿಗೆ 47 ವರ್ಷ, ಅಡಿಕೆ ವ್ಯಾಪಾರ. ಮದುವೆಯಾದಾಗಿನಿಂದ ಗೊರಕೆ ಇದೆ. ಈಗ ನಾಲ್ಕೈದು ವರ್ಷದಿಂದ ಗೊರಕೆಯ ಮಧ್ಯೆ ಉಸಿರೇ ನಿಂತುಹೋಗಿ, ಆಮೇಲೆ ಗಕ್ಕನೆ ಎಳೆದುಕೊಳ್ಳುತ್ತಾರೆ. ಬಿಪಿಗೆ ಮೂರು ಮಾತ್ರೆ ನುಂಗಿದರೂ ಬೆಳಿಗ್ಗೆ 150/100ರ ಹತ್ತಿರ ಇರುತ್ತದೆ. ರಾತ್ರಿ ಮೂರು ಸಲ ಮೂತ್ರಕ್ಕೆ ಏಳುತ್ತಾರೆ. ತೂಕ 78 ಕೆಜಿ, ತೀರಾ ದಪ್ಪ ಏನಿಲ್ಲ. ನಿದ್ದೆಯಲ್ಲಿ ಉಸಿರಾಟ ಅಳೆಯುವ ಸ್ಲೀಪ್ ಸ್ಟಡಿ ಮಾಡಿಸಿದೆವು. ಎಎಚ್‌ಐ 38, ರಕ್ತದ ಆಮ್ಲಜನಕ ಶೇ. 74ರವರೆಗೆ ಇಳಿದಿದೆ ಅಂತ ಬಂದಿದೆ. ‘ಇದು ರಕ್ತನಾಳ ಹಾಳು ಮಾಡುತ್ತೆ, ಮಲಗುವಾಗ ಮಾಸ್ಕಿನಿಂದ ಗಾಳಿ ಊದುವ ಸಿಪ್ಯಾಪ್ ಮಶೀನು ಹಾಕಿಕೊಳ್ಳಿ’ ಅಂದಿದ್ದಾರೆ ಡಾಕ್ಟರು. ಉಸಿರಿನ ತೊಂದರೆಗೂ ರಕ್ತನಾಳಕ್ಕೂ ಏನು ಸಂಬಂಧ? ಮಶೀನು ಹಾಕಿದರೆ ನಾಳ ಮೊದಲಿನಂತೆ ಆಗುತ್ತದೆಯೇ? ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟೇ ಇರುವುದಿಲ್ಲ, ಆಗ ಏನು ಮಾಡುವುದು?

ಉತ್ತರ: ಮೊದಲು ಒಂದು ಮಾತು. ಕತ್ತಲಲ್ಲಿ ಎಚ್ಚರವಾಗಿದ್ದು ಅವರ ಉಸಿರು ನಿಂತಿದ್ದನ್ನು ಗಮನಿಸಿದವರು ನೀವು. ಈ ಕಾಯಿಲೆಯಲ್ಲಿ ರೋಗಿಗೆ ಏನೂ ಗೊತ್ತಾಗುವುದಿಲ್ಲ. ‘ನಾನು ಚೆನ್ನಾಗೇ ಮಲಗಿದ್ದೆ’ ಎನ್ನುತ್ತಾರೆ. ಪಕ್ಕದಲ್ಲಿ ಮಲಗಿದವರು ಹೇಳದಿದ್ದರೆ ಎಷ್ಟೋ ಜನ ಕ್ಲಿನಿಕ್ಕಿಗೇ ಬರುವುದಿಲ್ಲ. ನೀವು ಹೇಳಿದ್ದರಿಂದಲೇ ಇದು ಬೆಳಕಿಗೆ ಬಂತು.

ಈಗ ಆ ರಿಪೋರ್ಟ್ ತೆಗೆದುಕೊಳ್ಳೋಣ. ಎಎಚ್‌ಐ 38 ಅಂದರೆ ನಿದ್ದೆಯ ಪ್ರತಿ ಗಂಟೆಗೆ ಸರಾಸರಿ 38 ಸಲ ಅವರ ಉಸಿರು ಪೂರ್ತಿ ನಿಂತಿದೆ ಅಥವಾ ತುಂಬಾ ಕಡಿಮೆಯಾಗಿದೆ. ಪ್ರತಿ ಸಲವೂ ಕನಿಷ್ಠ 10 ಸೆಕೆಂಡ್. 5ಕ್ಕಿಂತ ಕಡಿಮೆ ಇದ್ದರೆ ಸಹಜ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಏಳು ಗಂಟೆ ನಿದ್ದೆ ಅಂತ ಲೆಕ್ಕ ಹಾಕಿ. ಒಂದೇ ರಾತ್ರಿಯಲ್ಲಿ 260ಕ್ಕೂ ಹೆಚ್ಚು ಸಲ ಆಯಿತು. ನಿಮ್ಮ ಕಿವಿಗೆ ಬಿದ್ದಿರುವುದು ಅದರಲ್ಲಿ ನಾಲ್ಕೋ ಐದೋ ಮಾತ್ರ.

ಯಾಕೆ ನಿಲ್ಲುತ್ತದೆ? ಎಳನೀರು ಕುಡಿಯುವಾಗ ಸ್ಟ್ರಾ ತುದಿ ಒಳಗಿನ ಗಂಜಿಗೆ ಸಿಕ್ಕಿಕೊಂಡದ್ದು ನೆನಪಿಸಿಕೊಳ್ಳಿ. ಜೋರಾಗಿ ಎಳೆದಷ್ಟೂ ಸ್ಟ್ರಾ ಚಪ್ಪಟೆಯಾಗುತ್ತದೆ, ಎಳನೀರು ಬರುವುದೇ ಇಲ್ಲ. ನಮ್ಮ ಗಂಟಲೂ ಹಾಗೇ ಮೆತ್ತಗಿನ ಕೊಳವೆ. ಎಚ್ಚರದಲ್ಲಿ ಸುತ್ತಲಿನ ಮಾಂಸಖಂಡಗಳು ಅದನ್ನು ತೆರೆದು ಹಿಡಿದಿರುತ್ತವೆ. ನಿದ್ದೆ ಬಂದಾಗ ಅವು ಸಡಿಲವಾಗುತ್ತವೆ. ದಾರಿ ಮೊದಲೇ ಇಕ್ಕಟ್ಟಾಗಿದ್ದರೆ ಉಸಿರು ಎಳೆದಾಗ ಗೋಡೆ ಗೋಡೆಗೆ ಅಂಟಿಕೊಳ್ಳುತ್ತದೆ. ಇದನ್ನೇ ಅಬ್‌ಸ್ಟ್ರಕ್ಟಿವ್ ಸ್ಲೀಪ್ ಅಪ್ನಿಯಾ ಎನ್ನುತ್ತೇವೆ.

‘ತೀರಾ ದಪ್ಪ ಏನಿಲ್ಲ’ ಅಂತ ಬರೆದಿದ್ದೀರಿ. ಈ ಮಾತು ನನಗೆ ವಾರಕ್ಕೆ ಹತ್ತು ಸಲ ಕೇಳಿಬರುತ್ತದೆ. ಕತ್ತಿನಲ್ಲಿ, ನಾಲಿಗೆಯ ಬುಡದಲ್ಲಿ ಕೊಬ್ಬು ಸೇರುವುದು ದೊಡ್ಡ ಕಾರಣವೇ. ಆದರೆ ದವಡೆಯ ಆಕಾರವೂ ಅಷ್ಟೇ ಮುಖ್ಯ. ಏಷ್ಯಾದ ಜನರಲ್ಲಿ ಕೆಳದವಡೆ ಚಿಕ್ಕದಾಗಿ, ಸ್ವಲ್ಪ ಹಿಂದಕ್ಕೆ ಇರುವುದು ಜಾಸ್ತಿ. ಹಾಗಾಗಿ ನಮ್ಮಲ್ಲಿ ಕಡಿಮೆ ತೂಕಕ್ಕೇ ಗಂಟಲು ಮುಚ್ಚಿಕೊಳ್ಳುತ್ತದೆ. ದೆಹಲಿಯ ಏಮ್ಸ್ ವೈದ್ಯರು ಭಾರತದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2023ರಲ್ಲಿ ಒಂದು ಅಂದಾಜು ಕೊಟ್ಟರು. ನಮ್ಮ ವಯಸ್ಕರಲ್ಲಿ ಸುಮಾರು ಶೇ. 11ರಷ್ಟು ಜನರಿಗೆ ಇದು ಇದೆ. ಗಂಡಸರಲ್ಲಿ ಶೇ. 13, ಹೆಂಗಸರಲ್ಲಿ ಶೇ. 5. ಹತ್ತು ಕೋಟಿ ಜನರ ಲೆಕ್ಕ ಇದು. ಪರೀಕ್ಷೆ ಮಾಡಿಸಿಕೊಂಡವರು ಅದರಲ್ಲಿ ತೀರಾ ಕಡಿಮೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಉಸಿರಿಗೂ ರಕ್ತನಾಳಕ್ಕೂ ಏನು ಸಂಬಂಧ?

ಸ್ಲೀಪ್ ಸ್ಟಡಿಯ ಪರದೆ ಮೇಲೆ ಒಂದೇ ಒಂದು ಘಟನೆಯನ್ನು ನಿಧಾನವಾಗಿ ನೋಡೋಣ. ನಾನು ರೋಗಿಗಳ ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ತೋರಿಸುತ್ತೇನೆ. ಮೂಗಿನ ಮುಂದಿನ ನಳಿಕೆಯಿಂದ ಬರುವ ಗೆರೆ ಅಲೆಅಲೆಯಾಗಿ ಹೋಗುತ್ತಿರುತ್ತದೆ. ಇದ್ದಕ್ಕಿದ್ದಂತೆ ಚಪ್ಪಟೆಯಾಗುತ್ತದೆ. ಗಾಳಿ ನಿಂತಿದೆ. ಆದರೆ ಕೆಳಗೆ ಎದೆ ಮತ್ತು ಹೊಟ್ಟೆಗೆ ಕಟ್ಟಿದ ಬೆಲ್ಟುಗಳ ಗೆರೆ ನಿಂತಿಲ್ಲ. ಅವು ಒದ್ದಾಡುತ್ತಿವೆ, ಒಂದು ಮೇಲೆ ಹೋದರೆ ಇನ್ನೊಂದು ಕೆಳಗೆ. ಮುಚ್ಚಿದ ಬಾಗಿಲನ್ನು ಒಳಗಿನಿಂದ ಎಳೆದಂತೆ. ಹತ್ತು ಸೆಕೆಂಡ್, ಇಪ್ಪತ್ತು, ಮೂವತ್ತು. ಆಗ ಮಿದುಳಿನ ಗೆರೆ ಒಂದು ಕ್ಷಣ ಚುರುಕಾಗುತ್ತದೆ. ಎಚ್ಚರವೂ ಅಲ್ಲ, ನಿದ್ದೆಯೂ ಅಲ್ಲ. ಗಂಟಲು ತೆರೆದುಕೊಳ್ಳುತ್ತದೆ. ನೀವು ಕೇಳಿದ ಆ ‘ಗಕ್’ ಸದ್ದು ಇಲ್ಲಿ ಬರುತ್ತದೆ. ಅದೇ ಹೊತ್ತಿಗೆ ಹೃದಯದ ಬಡಿತ ಏರುತ್ತದೆ, ಬಿಪಿ ಜಿಗಿಯುತ್ತದೆ. ಬೆರಳಿನ ಆಮ್ಲಜನಕದ ಗೆರೆ ಮಾತ್ರ ಇನ್ನೂ ಇಳಿಯುತ್ತಲೇ ಇರುತ್ತದೆ. ಶ್ವಾಸಕೋಶದಿಂದ ಹೊರಟ ರಕ್ತ ಬೆರಳಿಗೆ ತಲುಪಲು ಸ್ವಲ್ಪ ಹೊತ್ತು ಬೇಕಲ್ಲ. ಆಮೇಲೆ ಅದೂ ಸರ್ರನೆ ಮೇಲೇರುತ್ತದೆ. ಒಂದು ನಿಮಿಷದ ನಂತರ ಮತ್ತೆ ಮೊದಲಿನಿಂದ ಶುರು.

ಈ ಒಂದು ನಿಮಿಷದೊಳಗೆ ನಾಳಕ್ಕೆ ಮೂರು ಕಡೆಯಿಂದ ಪೆಟ್ಟು ಬೀಳುತ್ತದೆ. ನನ್ನ ಪ್ರಕಾರ ಅದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಆಮ್ಲಜನಕ ಇಳಿಯುವುದಷ್ಟೇ ಅಲ್ಲ. ಅದು ಇಳಿದು, ಏರಿ, ಮತ್ತೆ ಇಳಿಯುವುದು.

ಅದೇ ಮೊದಲನೇ ಪೆಟ್ಟು. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲೇಹ್ ಪಟ್ಟಣ ಸಮುದ್ರ ಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿನವರು ಹುಟ್ಟಿದಾಗಿನಿಂದ ಕಡಿಮೆ ಆಮ್ಲಜನಕದಲ್ಲೇ ಬದುಕುತ್ತಾರೆ. ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ. ಆದರೆ ನಿಮಿಷಕ್ಕೊಮ್ಮೆ ಇಳಿದು ಏರುವುದಕ್ಕೆ ದೇಹ ಒಗ್ಗುವುದೇ ಇಲ್ಲ. ತೋಟದ ಕೆರೆಯಲ್ಲಿ ನೆಟ್ಟ ಕಬ್ಬಿಣದ ಕಂಬ ನೋಡಿದ್ದೀರಲ್ವಾ? ಪೂರ್ತಿ ನೀರಲ್ಲಿ ಮುಳುಗಿದ ಭಾಗಕ್ಕಿಂತ, ನೆನೆದು ಒಣಗಿ ಮತ್ತೆ ನೆನೆಯುವ ಭಾಗಕ್ಕೇ ತುಕ್ಕು ಜಾಸ್ತಿ. ನಾಳದಲ್ಲೂ ಹೆಚ್ಚುಕಡಿಮೆ ಹಾಗೇ. ಹಸಿದ ಜೀವಕೋಶಕ್ಕೆ ಆಮ್ಲಜನಕ ಒಮ್ಮೆಲೇ ನುಗ್ಗಿದಾಗ ಅದರಲ್ಲಿ ಒಂದಿಷ್ಟು ಭಾಗ ‘ಫ್ರೀ ರ್‍ಯಾಡಿಕಲ್’ ಎಂಬ ಕಿಡಿಗಳಾಗುತ್ತದೆ. ಅವು ಸಿಕ್ಕಿದ್ದನ್ನೆಲ್ಲ ಸುಡುತ್ತವೆ.

ಅವು ಮೊದಲು ಸುಡುವ ವಸ್ತುಗಳಲ್ಲಿ ಒಂದು ನೈಟ್ರಿಕ್ ಆಕ್ಸೈಡ್. ನಮ್ಮ ರಕ್ತನಾಳಗಳಿಗೆ ಒಳಗಡೆ ಒಂದು ಅಸ್ತರಿ ಇದೆ. ಒಂದೇ ಒಂದು ಜೀವಕೋಶದಷ್ಟು ತೆಳು. ಎಂಡೋಥೀಲಿಯಂ ಅಂತ ಹೆಸರು. ಹಿಂದೆ ಅದು ಬರೀ ಹೊದಿಕೆ ಅಂತ ತಿಳಿದಿದ್ದರು. ಆದರೆ ಅದೇ ನಾಳದ ಯಜಮಾನ. ರಕ್ತ ಜೋರಾಗಿ ಹರಿದಾಗ ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಚೂರುಚೂರೇ ಬಿಡುತ್ತದೆ. ಸುತ್ತಲಿನ ಮಾಂಸ ಸಡಿಲವಾಗಿ ನಾಳ ಅಗಲವಾಗುತ್ತದೆ. ದೇಹದೊಳಗೆ ಒಂದು ಅನಿಲ ಹೀಗೆ ಸಂದೇಶ ಸಾಗಿಸುತ್ತದೆ ಎಂದು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಬಂತು. ರಾಬರ್ಟ್ ಫರ್ಚ್‌ಗಾಟ್, ಲೂಯಿ ಇಗ್ನಾರೊ, ಫೆರಿಡ್ ಮುರಾದ್. ನಾಳವನ್ನು ಅಗಲ ಮಾಡುವುದಷ್ಟೇ ಅಲ್ಲ, ರಕ್ತ ಹೆಪ್ಪುಗಟ್ಟದಂತೆ, ಗೋಡೆಗೆ ಬಿಳಿ ರಕ್ತಕಣ ಅಂಟದಂತೆ ಕಾಯುವುದೂ ಇದೇ ಅನಿಲ.

ಅಪ್ನಿಯಾ ಇರುವವರಲ್ಲಿ ಇದು ಕಡಿಮೆಯಾಗುತ್ತದೆ. ನಾಳವನ್ನು ಬಿಗಿ ಮಾಡುವ ಎಂಡೋಥೀಲಿನ್ ಜಾಸ್ತಿಯಾಗುತ್ತದೆ. ಅಸ್ತರಿ ಜಿಗುಟಾಗುತ್ತದೆ. ಉರಿಯೂತ ಶುರುವಾಗುತ್ತದೆ. ಕೊಲೆಸ್ಟರಾಲ್ ಗೋಡೆಯೊಳಗೆ ನುಸುಳಲು ದಾರಿ ಆಯಿತು. ಪ್ಲೇಟ್‌ಲೆಟ್‌ಗಳು ಸುಲಭವಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇದು ಒಂದು ರಾತ್ರಿಯ ಕೆಲಸ ಅಲ್ಲ, ವರ್ಷಗಟ್ಟಲೆ ನಡೆಯುವಂಥದ್ದು.

ಇದನ್ನು ಕಣ್ಣಾರೆ ನೋಡುವ ಪರೀಕ್ಷೆ ಒಂದಿದೆ. ಮುಂಗೈಗೆ ಬಿಪಿ ಪಟ್ಟಿ ಕಟ್ಟಿ ಐದು ನಿಮಿಷ ರಕ್ತ ತಡೆಯುತ್ತಾರೆ. ಆಮೇಲೆ ಫಕ್ಕನೆ ಬಿಡುತ್ತಾರೆ. ರಕ್ತ ನುಗ್ಗುತ್ತದೆ. ಆಗ ತೋಳಿನ ನಾಳ ಎಷ್ಟು ಅಗಲವಾಗುತ್ತದೆ ಅಂತ ಅಲ್ಟ್ರಾಸೌಂಡಿನಲ್ಲಿ ಅಳೆಯುತ್ತಾರೆ. ಆರೋಗ್ಯವಂತ ನಾಳ ಒಂದು ನಿಮಿಷದೊಳಗೆ ಹಿಗ್ಗುತ್ತದೆ. ಅಪ್ನಿಯಾ ಇರುವವರ ನಾಳ ಅಷ್ಟು ಹಿಗ್ಗುವುದಿಲ್ಲ. ಬಿಪಿ, ಶುಗರ್ ಏನೂ ಇಲ್ಲದ ಅಪ್ನಿಯಾ ರೋಗಿಗಳಲ್ಲೂ ಹೀಗೆ ಕಂಡಿದೆ. ಅಂದರೆ ಬಿಪಿ ಬರುವ ಮೊದಲೇ ಅಸ್ತರಿ ದಣಿದಿರುತ್ತದೆ. ಈ ಪರೀಕ್ಷೆ ಸಂಶೋಧನೆಗೆ ಸರಿ. ನೀವು ಅದನ್ನು ಹುಡುಕಿಕೊಂಡು ಹೋಗಬೇಡಿ, ಅದರಿಂದ ನಿಮ್ಮ ಚಿಕಿತ್ಸೆ ಬದಲಾಗುವುದಿಲ್ಲ.

ಎರಡನೇ ಪೆಟ್ಟು ನರಗಳಿಂದ. ಉಸಿರು ಕಟ್ಟಿದಾಗ ದೇಹಕ್ಕೆ ಹುಲಿ ಎದುರು ಬಂದಷ್ಟೇ ಗಾಬರಿ. ಅಡ್ರಿನಲಿನ್ ವ್ಯವಸ್ಥೆ ಎದ್ದು ನಿಲ್ಲುತ್ತದೆ, ನಾಳಗಳೆಲ್ಲ ಬಿಗಿಯಾಗುತ್ತವೆ. ಅಮೆರಿಕದಲ್ಲಿ ವಿರೆಂಡ್ ಸೋಮರ್ಸ್ ಮತ್ತು ಜೊತೆಗಾರರು ಅಪ್ನಿಯಾ ರೋಗಿಗಳ ಮೊಣಕಾಲಿನ ಹತ್ತಿರದ ನರಕ್ಕೆ ಕೂದಲಿನಷ್ಟು ಸಣ್ಣ ಸೂಜಿ ಚುಚ್ಚಿ, ಅವರು ನಿದ್ದೆಯಲ್ಲಿರುವಾಗಲೇ ಆ ನರದ ಮಾತು ಕೇಳಿದರು. 1995ರಲ್ಲಿ ಪ್ರಕಟವಾಯಿತು. ಉಸಿರು ನಿಂತಷ್ಟೂ ಹೊತ್ತು ನರದ ಕೂಗು ಏರುತ್ತಾ ಹೋಗಿತ್ತು. ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ಸಂಗತಿ. ಹಗಲಲ್ಲಿ, ಎಚ್ಚರವಾಗಿ, ಆರಾಮಾಗಿ ಉಸಿರಾಡುತ್ತಿದ್ದಾಗಲೂ ಆ ರೋಗಿಗಳಲ್ಲಿ ನರ ಜಾಸ್ತಿಯೇ ಕೆಲಸ ಮಾಡುತ್ತಿತ್ತು. ರಾತ್ರಿಯ ಗಾಬರಿ ಹಗಲಿಗೂ ದಾಟಿತ್ತು. ನಿಮ್ಮ ಯಜಮಾನರ ಬಿಪಿ ಹಗಲಲ್ಲೂ ಇಳಿಯದಿರಲು ಇದೊಂದು ಕಾರಣ.

ಸಾಮಾನ್ಯವಾಗಿ ನಿದ್ದೆಯಲ್ಲಿ ಬಿಪಿ ಹಗಲಿಗಿಂತ ಶೇ. 10ರಿಂದ 20ರಷ್ಟು ಇಳಿಯಬೇಕು. ದಿನವಿಡೀ ದುಡಿದ ನಾಳಕ್ಕೆ ಅದೇ ವಿಶ್ರಾಂತಿ. ಅಪ್ನಿಯಾ ಇರುವ ಎಷ್ಟೋ ಜನರಿಗೆ ಆ ಇಳಿತವೇ ಇರುವುದಿಲ್ಲ. ಕೆಲವರಿಗೆ ರಾತ್ರಿಯೇ ಜಾಸ್ತಿ. ಅದಕ್ಕೇ ಬೆಳಗಿನ ಬಿಪಿ ಅಷ್ಟು ಬರುತ್ತದೆ.

ಮೂರನೇ ಪೆಟ್ಟಿನ ಬಗ್ಗೆ ಜನ ಮಾತಾಡುವುದು ಕಡಿಮೆ. ಮುಚ್ಚಿದ ಗಂಟಲಿನ ವಿರುದ್ಧ ಎದೆ ಎಳೆದಾಗ ಎದೆಗೂಡಿನೊಳಗೆ ದೊಡ್ಡ ಸೆಳೆತ ಉಂಟಾಗುತ್ತದೆ. ಅದು ಹೃದಯವನ್ನೂ ಮಹಾಪಧಮನಿಯ ಗೋಡೆಯನ್ನೂ ಹೊರಕ್ಕೆ ಜಗ್ಗುತ್ತದೆ. ಬಿಪಿ ಒಳಗಿನಿಂದ ತಳ್ಳುತ್ತದೆ, ಇದು ಹೊರಗಿನಿಂದ ಎಳೆಯುತ್ತದೆ. ಎದೆಯೊಳಕ್ಕೆ ರಕ್ತವೂ ಜಾಸ್ತಿ ನುಗ್ಗುತ್ತದೆ, ಹೃದಯದ ಮೇಲಿನ ಕೋಣೆಗಳು ಹಿಗ್ಗುತ್ತವೆ. ಆಗ ಹೃದಯ ‘ಮೈಯಲ್ಲಿ ನೀರು ಜಾಸ್ತಿಯಾಗಿದೆ’ ಅಂತ ತಪ್ಪು ತಿಳಿದು ಒಂದು ಹಾರ್ಮೋನ್ ಬಿಡುತ್ತದೆ. ಉಪ್ಪು, ನೀರು ಹೊರಹಾಕಿ ಅಂತ ಮೂತ್ರಪಿಂಡಕ್ಕೆ ಆಜ್ಞೆ. ನಿಮ್ಮ ಯಜಮಾನರು ರಾತ್ರಿ ಮೂರು ಸಲ ಏಳುವುದಕ್ಕೆ ಇದೇ ಕಾರಣ ಇರಬಹುದು. ಶುಗರ್ ಒಮ್ಮೆ ನೋಡಿಸಿ, ಪ್ರಾಸ್ಟೇಟ್ ಕೂಡ ನೋಡಿಸಿ. ಆದರೆ ಸಿಪ್ಯಾಪ್ ಹಾಕಿದ ಮೊದಲ ವಾರದಲ್ಲೇ ‘ಡಾಕ್ಟ್ರೇ, ರಾತ್ರಿ ಒಂದ್ಸಲಾನೂ ಏಳಲಿಲ್ಲ’ ಅಂತ ಹೇಳಿದವರನ್ನು ನಾನು ಬಹಳ ನೋಡಿದ್ದೇನೆ.

ಒಂದು ಅನುಮಾನ ನಿಮಗೂ ಬಂದಿರಬಹುದು. ಗೊರಕೆ ಹೊಡೆಯುವವರಿಗೆ ಹೇಗೂ ಹೊಟ್ಟೆ ಇರುತ್ತದೆ, ವಯಸ್ಸಾಗಿರುತ್ತದೆ. ಬಿಪಿ ಅದರಿಂದಲೇ ಬಂದಿರಬಹುದಲ್ವಾ? ನ್ಯಾಯವಾದ ಪ್ರಶ್ನೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸುಮಾರು 700 ಮಂದಿಯನ್ನು ನಾಲ್ಕು ವರ್ಷ ಹಿಂಬಾಲಿಸಿದರು. ಫಲಿತಾಂಶ 2000ನೇ ಇಸವಿಯಲ್ಲಿ ಬಂತು. ತೂಕ, ಕತ್ತಿನ ಸುತ್ತಳತೆ, ವಯಸ್ಸು, ಸಿಗರೇಟು, ಮದ್ಯ ಎಲ್ಲವನ್ನೂ ಲೆಕ್ಕದಲ್ಲಿ ತೆಗೆದುಹಾಕಿದ ಮೇಲೂ, ಎಎಚ್‌ಐ 15 ದಾಟಿದವರಿಗೆ ಬಿಪಿ ಇರುವ ಸಂಭವ ಅಪ್ನಿಯಾ ಇಲ್ಲದವರಿಗಿಂತ ಸುಮಾರು ಮೂರು ಪಟ್ಟು ಇತ್ತು. ಹೊಟ್ಟೆಯ ಪಾಲು ಹೊಟ್ಟೆಗಿದೆ, ಗಂಟಲಿನ ಪಾಲು ಗಂಟಲಿಗಿದೆ.

ಈಗ ಮಶೀನಿನ ಮಾತು. ಸಿಪ್ಯಾಪ್ ಕಂಡುಹಿಡಿದವರು ಆಸ್ಟ್ರೇಲಿಯಾದ ಕಾಲಿನ್ ಸಲ್ಲಿವನ್. 1981ರಲ್ಲಿ ಐವರು ರೋಗಿಗಳ ಅನುಭವ ಪ್ರಕಟಿಸಿದರು. ಮೊದಮೊದಲ ಯಂತ್ರಗಳಿಗೆ ವ್ಯಾಕ್ಯೂಮ್ ಕ್ಲೀನರಿನ ಮೋಟಾರು ಹಾಕಿದ್ದರು, ಗಾಳಿ ಹೀರುವ ಬದಲು ಊದುವಂತೆ. ತತ್ವ ಇವತ್ತಿಗೂ ಅದೇ. ಇದು ಆಮ್ಲಜನಕ ಕೊಡುವ ಯಂತ್ರ ಅಲ್ಲ. ಮನೆಯ ಗಾಳಿಯನ್ನೇ ಸ್ವಲ್ಪ ಒತ್ತಡದಲ್ಲಿ ಕೊಟ್ಟು ಗಂಟಲು ಚಪ್ಪಟೆಯಾಗದಂತೆ ಹಿಡಿಯುತ್ತದೆ. ಅಷ್ಟೇ. ‘ಇದಕ್ಕೆ ಅಡಿಕ್ಟ್ ಆಗ್ತೀವಾ’ ಅಂತ ತುಂಬಾ ಜನ ಕೇಳುತ್ತಾರೆ. ಕನ್ನಡಕ ಹಾಕುವವರು ಕನ್ನಡಕಕ್ಕೆ ಅಡಿಕ್ಟ್ ಆದರೆ ಮಾತ್ರ ಇದಕ್ಕೂ ಆಗುತ್ತಾರೆ.

ನಾಳ ಮೊದಲಿನಂತೆ ಆಗುತ್ತದೆಯೇ ಅಂತ ಕೇಳಿದ್ದೀರಿ. ಅಸ್ತರಿಯ ಕೆಲಸ ಸುಧಾರಿಸುತ್ತದೆ. ಸಿಪ್ಯಾಪ್ ಬಳಸಿದವರಲ್ಲಿ ಆ ತೋಳಿನ ಪರೀಕ್ಷೆಯ ಫಲಿತಾಂಶ ಉತ್ತಮವಾದದ್ದು ಹಲವು ಅಧ್ಯಯನಗಳಲ್ಲಿ ಕಂಡಿದೆ. ನರದ ಗಾಬರಿಯೂ ಇಳಿಯುತ್ತದೆ. ಆದರೆ ವರ್ಷಗಳಿಂದ ಗಟ್ಟಿಯಾದ ಗೋಡೆ, ಕಟ್ಟಿಕೊಂಡ ಕೊಬ್ಬಿನ ಗಡ್ಡೆ ಗಾಳಿಯ ಯಂತ್ರದಿಂದ ಕರಗುವುದಿಲ್ಲ.

ಬಿಪಿ ಎಷ್ಟು ಇಳಿಯುತ್ತದೆ? ನಿಮ್ಮ ಯಜಮಾನರಂತೆ ಮೂರು ಅಥವಾ ಅದಕ್ಕಿಂತ ಹೆಚ್ಚು ಮಾತ್ರೆ ತಗೊಂಡರೂ ಬಿಪಿ ಹತೋಟಿಗೆ ಬಾರದ 194 ಜನರ ಮೇಲೆ ಸ್ಪೇನಿನಲ್ಲಿ ನಡೆದ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಮೂರು ತಿಂಗಳು ಸಿಪ್ಯಾಪ್ ಹಾಕಿದವರಲ್ಲಿ ಇಪ್ಪತ್ನಾಲ್ಕು ಗಂಟೆಯ ಸರಾಸರಿ ಬಿಪಿ, ಹಾಕದವರಿಗೆ ಹೋಲಿಸಿದರೆ, ಸುಮಾರು 3 ಪಾಯಿಂಟ್ ಹೆಚ್ಚು ಇಳಿದಿತ್ತು. ಮೂರೇನಾ ಅನ್ನಿಸಬಹುದು. ಆದರೆ ರಾತ್ರಿಯ ಇಳಿತ ವಾಪಸ್ ಬಂದವರು ಸಿಪ್ಯಾಪ್ ಗುಂಪಿನಲ್ಲಿ ಜಾಸ್ತಿ ಇದ್ದರು. ಹೆಚ್ಚು ಗಂಟೆ ಹಾಕಿದವರಿಗೆ ಹೆಚ್ಚು ಇಳಿದಿತ್ತು. ಆದ್ದರಿಂದ ಮಶೀನು ಬಂದ ದಿನ ಮಾತ್ರೆ ನಿಲ್ಲಿಸಬೇಡಿ. ಎರಡೂ ಬೇಕು. ಬಿಪಿ ಇಳಿಯತೊಡಗಿದರೆ ಡಾಕ್ಟರೇ ಮಾತ್ರೆ ಕಡಿಮೆ ಮಾಡುತ್ತಾರೆ.

ಇನ್ನೊಂದು ವಿಷಯ ಮುಚ್ಚಿಡದೆ ಹೇಳಬೇಕು, ಯಾಕೆಂದರೆ ಯಾರಾದರೂ ‘ಸಿಪ್ಯಾಪ್ ಹಾಕಿದರೂ ಹಾರ್ಟ್ ಅಟ್ಯಾಕ್ ತಪ್ಪಲ್ವಂತೆ’ ಅಂತ ನಿಮಗೆ ಹೇಳಬಹುದು. ಆ ಮಾತಿನ ಮೂಲ 2016ರಲ್ಲಿ ಬಂದ ‘ಸೇವ್’ ಎಂಬ ದೊಡ್ಡ ಪ್ರಯೋಗ. ಏಳು ದೇಶಗಳ 2,717 ಜನ, ಭಾರತದವರೂ ಇದ್ದರು. ಎಲ್ಲರಿಗೂ ಮೊದಲೇ ಹೃದಯದ ಅಥವಾ ಮಿದುಳಿನ ರಕ್ತನಾಳದ ಕಾಯಿಲೆ ಇತ್ತು. ಸರಾಸರಿ ಮೂರೂವರೆ ವರ್ಷಕ್ಕೂ ಮೇಲೆ ನೋಡಿದರು. ಸಿಪ್ಯಾಪ್ ಕೊಟ್ಟ ಗುಂಪಿನಲ್ಲಿ ಹೃದಯಾಘಾತ, ಪಾರ್ಶ್ವವಾಯು ಒಟ್ಟಾರೆ ಕಡಿಮೆಯಾಗಲಿಲ್ಲ. ಹಗಲಿನ ತೂಕಡಿಕೆ ಕಡಿಮೆಯಾಯಿತು, ಮನಸ್ಸು ಹಗುರಾಯಿತು.

ನನಗೂ ಆ ಫಲಿತಾಂಶ ನಿರಾಸೆ ತಂದಿತ್ತು. ಆದರೆ ಅವರು ಮಶೀನು ಹಾಕಿದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ. ಏಳು ಗಂಟೆ ನಿದ್ದೆಯಲ್ಲಿ ಅರ್ಧಕ್ಕೂ ಹೆಚ್ಚು ಹೊತ್ತು ಗಂಟಲು ಮೊದಲಿನಂತೆಯೇ ಮುಚ್ಚಿಕೊಳ್ಳುತ್ತಿತ್ತು. ಅದೂ ಯಾವ ಹೊತ್ತು? ಕನಸು ಬೀಳುವ ನಿದ್ದೆ ಬೆಳಗಿನ ಜಾವಕ್ಕೇ ಜಾಸ್ತಿ. ಆಗಲೇ ಮಾಂಸಖಂಡ ತೀರಾ ಸಡಿಲ, ಅಪ್ನಿಯಾ ತೀರಾ ಉದ್ದ, ಆಮ್ಲಜನಕ ತೀರಾ ಕೆಳಗೆ. ಮಲಗುವಾಗ ಹಾಕಿಕೊಂಡು ರಾತ್ರಿ ಎರಡಕ್ಕೆ ಕಿತ್ತಿಟ್ಟರೆ ಕೆಟ್ಟ ಹೊತ್ತಿಗೇ ಕಾವಲು ಇಲ್ಲದಂತಾಯಿತು. ಜೊತೆಗೆ, ಹಗಲಲ್ಲಿ ತೀರಾ ತೂಕಡಿಸುವವರನ್ನು, ರಾತ್ರಿ ಬಹಳ ಹೊತ್ತು ಆಮ್ಲಜನಕ ತೀರಾ ಇಳಿಯುವವರನ್ನು ಆ ಪ್ರಯೋಗಕ್ಕೆ ಸೇರಿಸಿಕೊಂಡಿರಲಿಲ್ಲ. ಚಿಕಿತ್ಸೆಯ ಅಗತ್ಯ ಹೆಚ್ಚಿರುವವರೇ ಹೊರಗುಳಿದಿದ್ದರು.

ಅದಕ್ಕೇ ನಾನು ರೋಗಿಗಳಿಗೆ ‘ಮಶೀನು ತಗೊಂಡ್ರಾ’ ಅಂತ ಕೇಳುವುದಿಲ್ಲ. ‘ನಿನ್ನೆ ರಾತ್ರಿ ಎಷ್ಟು ಗಂಟೆ ಹಾಕಿದ್ರಿ’ ಅಂತ ಕೇಳುತ್ತೇನೆ. ಮಶೀನಿನೊಳಗೇ ಅದರ ಲೆಕ್ಕ ಇರುತ್ತದೆ. ನಾಲ್ಕು ಗಂಟೆ ಕನಿಷ್ಠ ಎನ್ನುತ್ತಾರೆ. ನಾನು ನಾಲ್ಕಕ್ಕೆ ಒಪ್ಪುವುದಿಲ್ಲ. ಮಲಗಿದಷ್ಟು ಹೊತ್ತೂ ಇರಬೇಕು, ಮಧ್ಯಾಹ್ನ ಊಟವಾದ ಮೇಲೆ ಒರಗಿದರೂ ಕೂಡ.

ಹಾಕಿಕೊಳ್ಳುವುದು ಮೊದಲು ಕಷ್ಟವೇ. ಬಹಳ ಜನ ಸೋಲುವುದು ಮಾಸ್ಕ್ ಸರಿ ಕೂರದೆ. ಅಂಗಡಿಯಲ್ಲಿ ಕುಳಿತು ಮಾಸ್ಕ್ ಆರಿಸಬೇಡಿ. ಮಲಗಿಸಿ, ಗಾಳಿ ಬಿಟ್ಟು, ಮಗ್ಗುಲು ಬದಲಿಸಿ ನೋಡಿ. ಒಬ್ಬರು ರೋಗಿ ಮೂರು ವಾರ ‘ಕಣ್ಣೆಲ್ಲ ಉರಿ’ ಎನ್ನುತ್ತಿದ್ದರು. ಕಣ್ಣಿನ ಡ್ರಾಪ್ಸ್ ಕೂಡ ಹಾಕುತ್ತಿದ್ದರು. ಮಾಸ್ಕ್ ಹಾಕಿಸಿ ಮೂಗಿನ ಮೇಲ್ಗಡೆ ಬೆರಳಿಟ್ಟು ನೋಡಿದೆ. ಸಣ್ಣಗೆ ಗಾಳಿ ಸೋರಿ ನೇರ ಕಣ್ಣಿಗೆ ಹೋಗುತ್ತಿತ್ತು. ಬಿಗಿಯಾಗಲಿ ಅಂತ ಅವರು ಪಟ್ಟಿ ಎಳೆದೆಳೆದು ಕಟ್ಟಿದ್ದರು. ಬಿಗಿ ಜಾಸ್ತಿಯಾಗಿ ಮಾಸ್ಕಿನ ಮೆತ್ತೆ ಮಡಚಿಕೊಂಡಿತ್ತು. ಪಟ್ಟಿ ಸಡಿಲ ಮಾಡಿ ಒಂದು ಸೈಜ್ ಚಿಕ್ಕ ಮಾಸ್ಕ್ ಕೊಟ್ಟೆವು. ಉರಿ ನಿಂತಿತು. ದಪ್ಪ ಮೀಸೆ ಇದ್ದರೂ ಸೋರುತ್ತದೆ. ಮೂಗಿನ ಹೊಳ್ಳೆಗಷ್ಟೇ ಕೂರುವ ಮೆತ್ತನೆಯ ಮಾಸ್ಕ್ ಅಂಥವರಿಗೆ ಒಗ್ಗಬಹುದು. ಮೊದಲ ನಾಲ್ಕೈದು ದಿನ ಸಂಜೆ ಟಿವಿ ನೋಡುತ್ತಾ ಅರ್ಧ ಗಂಟೆ ಹಾಕಿಕೊಂಡು ಅಭ್ಯಾಸ ಮಾಡಲಿ. ನೀವು ಪಕ್ಕದಲ್ಲಿರಿ. ಹೆಂಡತಿ ಜೊತೆಗೆ ಬಂದು ಕಲಿತ ಮನೆಗಳಲ್ಲಿ ಮಶೀನು ಅಟ್ಟ ಸೇರುವುದು ಕಡಿಮೆ. ಇದು ನನ್ನ ಅನುಭವ.

ಉಳಿದದ್ದನ್ನು ಬೇಗ ಹೇಳುತ್ತೇನೆ. ತೂಕ ಶೇ. 10 ಇಳಿದರೆ ಎಎಚ್‌ಐ ಸುಮಾರು ಕಾಲುಭಾಗ ಇಳಿಯುತ್ತದೆ. ಇದೂ ವಿಸ್ಕಾನ್ಸಿನ್‌ನವರದೇ ಲೆಕ್ಕ. ನಿಮ್ಮ ಯಜಮಾನರಿಗೆ ಅಂದರೆ ಏಳೆಂಟು ಕೆಜಿ. ಕುಡಿಯುವ ಅಭ್ಯಾಸ ಇದ್ದರೆ ರಾತ್ರಿ ಬೇಡವೇ ಬೇಡ, ಅದು ಗಂಟಲನ್ನು ಇನ್ನೂ ಸಡಿಲ ಮಾಡುತ್ತದೆ. ನಿದ್ದೆ ಮಾತ್ರೆಯನ್ನು ಕೇಳದೆ ನುಂಗಬಾರದು. ಅಂಗಾತ ಮಲಗಿದಾಗ ಮಾತ್ರ ಜಾಸ್ತಿ ಅಂತ ರಿಪೋರ್ಟಿನಲ್ಲಿ ಇದ್ದರೆ ಮಗ್ಗುಲಿಗೆ ಮಲಗುವುದೂ ಸಹಾಯ. ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಕ್ಲಿಪ್ಪನ್ನು ದಂತವೈದ್ಯರು ಮಾಡಿಕೊಡುತ್ತಾರೆ. ಅದು ಸೌಮ್ಯ, ಮಧ್ಯಮ ಅಪ್ನಿಯಾಕ್ಕೆ ಹೆಚ್ಚು ಸರಿ. ತೂಕ ಇಳಿಸುವ ಟಿರ್ಜೆಪಟೈಡ್ ಚುಚ್ಚುಮದ್ದನ್ನು ಅಮೆರಿಕದಲ್ಲಿ 2024ರ ಡಿಸೆಂಬರಿನಲ್ಲಿ ಅಪ್ನಿಯಾಕ್ಕೂ ಒಪ್ಪಿದರು. ಅದು ಬೊಜ್ಜಿನ ಜೊತೆ ಮಧ್ಯಮ ಅಥವಾ ತೀವ್ರ ಅಪ್ನಿಯಾ ಇರುವವರಿಗೆ. ನಿಮ್ಮವರ ಮೊದಲ ಮದ್ದು ಅದಲ್ಲ.

ಶಂಖ ಊದಿದರೆ ಗೊರಕೆ ಹೋಗುತ್ತದಂತೆ ಅಂತ ವಾಟ್ಸಾಪಿನಲ್ಲಿ ನಿಮಗೂ ಬಂದಿರಬಹುದು. ಪೂರ್ತಿ ಸುಳ್ಳಲ್ಲ. ಜೈಪುರದ ವೈದ್ಯರು ಮಧ್ಯಮ ಅಪ್ನಿಯಾ ಇರುವ 30 ಜನರ ಮೇಲೆ ನೋಡಿ 2025ರಲ್ಲಿ ಪ್ರಕಟಿಸಿದ್ದಾರೆ. ವಾರಕ್ಕೆ ಐದು ದಿನ, ದಿನಕ್ಕೆ 15 ನಿಮಿಷ, ಆರು ತಿಂಗಳು ಶಂಖ ಊದಿದವರಿಗೆ ಹಗಲಿನ ತೂಕಡಿಕೆ ಕಡಿಮೆಯಾಗಿ, ಎಎಚ್‌ಐ ಗಂಟೆಗೆ ನಾಲ್ಕೈದು ಇಳಿದಿತ್ತು. ಗಂಟಲಿನ ಮಾಂಸಖಂಡಕ್ಕೆ ಒಳ್ಳೆಯ ವ್ಯಾಯಾಮ. ಆದರೆ 38ರಲ್ಲಿ ಐದು ಕಳೆದರೆ 33, ಆಗಲೂ ತೀವ್ರವೇ. ಮನೆಯಲ್ಲಿ ಪೂಜೆಗೆ ಶಂಖ ಊದುವ ಪದ್ಧತಿ ಇದ್ದರೆ ಬಿಪಿ ಹತೋಟಿಗೆ ಬಂದ ಮೇಲೆ ಊದಲಿ, ಮಶೀನಿನ ಬದಲಿಗೆ ಅಲ್ಲ.

ನಿಮ್ಮ ಬಿಪಿ ಡಾಕ್ಟರಿಗೆ ಒಂದು ಮಾತು ಕೇಳಿ. ಮೂರು ಮಾತ್ರೆಗೂ ಬಗ್ಗದ ಬಿಪಿ ಮತ್ತು ಅಪ್ನಿಯಾ ಒಟ್ಟಿಗೆ ಇದ್ದಾಗ ಆಲ್ಡೋಸ್ಟಿರೋನ್ ಎಂಬ ಹಾರ್ಮೋನ್ ಜಾಸ್ತಿ ಇರುವ ಸಂಭವ ಇರುತ್ತದೆ. ಒಂದು ರಕ್ತಪರೀಕ್ಷೆಯಲ್ಲಿ ಸುಳಿವು ಸಿಗುತ್ತದೆ, ಅದಕ್ಕೆ ಬೇರೆಯೇ ಮಾತ್ರೆ ಇದೆ. ಮನೆಯಲ್ಲೇ ಒಂದು ವಾರ ಎದ್ದ ತಕ್ಷಣ ಮತ್ತು ಮಲಗುವ ಮುಂಚೆ ಬಿಪಿ ನೋಡಿ ಬರೆದಿಡಿ. ಮಶೀನು ಶುರುಮಾಡಿ ಎರಡು ತಿಂಗಳಾದ ಮೇಲೆ ಮತ್ತೊಂದು ವಾರ ಬರೆಯಿರಿ. ಆ ಎರಡು ಹಾಳೆ ಡಾಕ್ಟರಿಗೆ ತುಂಬಾ ಉಪಯೋಗ. ವ್ಯಾಪಾರಕ್ಕೆ ಅಂತ ಅವರೇ ಕಾರು ಓಡಿಸುತ್ತಿದ್ದರೆ, ತೂಕಡಿಕೆ ಕಡಿಮೆಯಾಗುವವರೆಗೆ ಬೇರೆ ಯಾರಾದರೂ ಓಡಿಸಲಿ. ಇದರಲ್ಲಿ ಮಾತ್ರ ದಾಕ್ಷಿಣ್ಯ ಬೇಡ.

ಕೊನೆಗೆ ಕರೆಂಟು. ಮಲೆನಾಡಿನ ಮಳೆಗಾಲ ನನಗೂ ಗೊತ್ತು. ಮಶೀನಿಗೆ ಜಾಸ್ತಿ ಕರೆಂಟ್ ಬೇಕಾಗುವುದು ನೀರು ಬಿಸಿ ಮಾಡುವ ಹ್ಯುಮಿಡಿಫೈಯರಿಗೆ. ಅದನ್ನು ಆಫ್ ಮಾಡಿದರೆ ಒಂದು ಸೀಲಿಂಗ್ ಫ್ಯಾನಿಗಿಂತ ಕಡಿಮೆ ಸಾಕು. ಮನೆಯ ಇನ್ವರ್ಟರು ಆರಾಮಾಗಿ ಎಳೆಯುತ್ತದೆ. ಮಲಗುವ ಕೋಣೆಯ ಒಂದು ಪಾಯಿಂಟನ್ನು ಇನ್ವರ್ಟರ್ ಲೈನಿಗೆ ಕೊಡಿಸಿ. ಮಳೆಗಾಲದಲ್ಲಿ ಗಾಳಿಯಲ್ಲೇ ತೇವ ಇರುವುದರಿಂದ ಹ್ಯುಮಿಡಿಫೈಯರ್ ಇಲ್ಲದಿದ್ದರೂ ಅಷ್ಟು ಮೂಗು ಒಣಗುವುದಿಲ್ಲ. ಮಧ್ಯರಾತ್ರಿ ಮಶೀನು ನಿಂತರೆ ಉಸಿರು ಕಟ್ಟುತ್ತದೆ ಎಂಬ ಭಯ ಬೇಡ. ಮೂಗಿನ ಮಾಸ್ಕ್ ಆದರೆ ಬಾಯಿಯಿಂದ ಉಸಿರಾಡಬಹುದು. ಮುಖ ಮುಚ್ಚುವ ಮಾಸ್ಕಿನಲ್ಲಿ ಅದಕ್ಕೆಂದೇ ಹೊರಗಾಳಿ ಬಿಡುವ ಕವಾಟ ಇರುತ್ತದೆ.

ಒಂದು ರಾತ್ರಿ ತಪ್ಪಿದರೆ ಗಾಬರಿಯಾಗಬೇಡಿ. ತಲೆದಿಂಬು ಎತ್ತರಿಸಿ ಮಗ್ಗುಲಿಗೆ ಮಲಗಿಸಿ. ಆದರೆ ಜೂನ್‌ನಲ್ಲಿ ತೆಗೆದಿಟ್ಟು ಸೆಪ್ಟೆಂಬರಿನಲ್ಲಿ ಮತ್ತೆ ಹಾಕಿದರಾಯಿತು ಎಂಬ ಲೆಕ್ಕ ಮಾತ್ರ ಬೇಡ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಸಿಪ್ಯಾಪ್‌ಗೆ ಒಗ್ಗಿಹೋದ 41 ಜನರಲ್ಲಿ ಕೆಲವರಿಗೆ ಎರಡು ವಾರ ಅದನ್ನು ನಿಲ್ಲಿಸಿ ನೋಡಿದರು. 2011ರಲ್ಲಿ ಪ್ರಕಟವಾದ ಅಧ್ಯಯನ. ಅಪ್ನಿಯಾ ಕೆಲವೇ ದಿನಗಳಲ್ಲಿ ವಾಪಸ್ ಬಂತು. ಎರಡು ವಾರ ಮುಗಿಯುವ ಹೊತ್ತಿಗೆ ಬೆಳಗಿನ ಮೇಲಿನ ಬಿಪಿ ಎಂಟು ಪಾಯಿಂಟಿಗೂ ಹೆಚ್ಚು ಏರಿತ್ತು, ತೋಳಿನ ನಾಳ ಹಿಗ್ಗುವುದು ಕಡಿಮೆಯಾಗಿತ್ತು. ಮಳೆ ಶುರುವಾಗುವ ಮುಂಚೆ ಇನ್ವರ್ಟರ್ ಬ್ಯಾಟರಿಗೆ ನೀರು ಹಾಕಿಸಿಡಿ.